ಐದು ಗುಲಗಂಜಿ

ನಮ್ಮೂರಿನ ಜರಡಿಮನೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನೇ. ಹೆಸರು ತುಂಗಾಬಾಯಿ, ಆದರೆ ಹಾಗೆ ಕರೆಯುವವರು ಯಾರೂ ಇಲ್ಲ, ಎಲ್ಲರಿಗೂ ನಾನು ಜರಡಿ ಅಕ್ಕ. ಬರಬೇಕಾದ ಪತ್ರ ಬಾರದಿದ್ದರೆ ತಪ್ಪು ನನ್ನದು. ಬೇಡದ ಪತ್ರ ಮನೆಗೆ ನುಗ್ಗಿದರೂ ತಪ್ಪು ನನ್ನದೇ. ಎಲ್ಲವೂ ಸರಿಯಾಗಿ ನಡೆದ ದಿನ ಮಾತ್ರ ಗಾಳಿ ಚೆನ್ನಾಗಿ ಬೀಸಿತು ಅನ್ನುತ್ತಾರೆ. ಇಂಥ ಜನರ ಜೊತೆ ಹನ್ನೊಂದು ವರ್ಷ ಏಗಿದವಳ ಬಾಯಿ ಸ್ವಲ್ಪ ಜೋರಾದರೆ ಅದಕ್ಕೆ ನಾನು ಹೊಣೆಯಲ್ಲ.

ನಮ್ಮಲ್ಲಿ ಪತ್ರಗಳು ತಾವಾಗಿಯೇ ಬರುತ್ತವೆ. ಬೆಳಿಗ್ಗೆ ಎಂಟು ಹೊಡೆಯುತ್ತಿದ್ದಂತೆ ಪಡುವಣದ ಕರಿಗುಡ್ಡದ ಮೇಲಿಂದ ಹಾರಿ ಬಂದು, ಅವರವರ ಕಿಟಕಿ ಹುಡುಕಿಕೊಂಡು ಒಳಗೆ ಹೋಗುತ್ತವೆ. ಅಂಚೆಯವನಿಲ್ಲ, ಚೀಲವಿಲ್ಲ. ಹಿಂದೆ ನೇರವಾಗಿಯೇ ಬರುತ್ತಿದ್ದವಂತೆ. ಆದರೆ ಬರುವ ನೂರರಲ್ಲಿ ಎಂಬತ್ತು ಕೂದಲೆಣ್ಣೆಯವರದು, ಹಲ್ಲುಪುಡಿಯವರದು, ನಿಮಗೆ ಬಹುಮಾನ ಬಂದಿದೆ ಅನ್ನುವವರದು. ಅನ್ನದ ತಟ್ಟೆಗೆ ಬೀಳುತ್ತಿದ್ದವು, ತೊಟ್ಟಿಲಲ್ಲಿ ಮಲಗಿದ ಕೂಸಿನ ಮುಖದ ಮೇಲೆ ಕೂರುತ್ತಿದ್ದವು. ರೋಸಿಹೋದ ಹಿರಿಯರು ಹಳೆಯ ಹತ್ತಿ ಗಿರಣಿಯ ಮಾಳಿಗೆಯ ಮೇಲೆ ಜರಡಿ ಕಟ್ಟಿಸಿದರು. ಅಂದಿನಿಂದ ಊರಿನ ಪತ್ರಗಳೆಲ್ಲ ಮೊದಲು ಅದರ ತಗಡಿನ ಬಾಯಿಯೊಳಗೆ ಹೋಗಿ, ತೂಗಿಸಿಕೊಂಡು, ಆಮೇಲೆ ಊರಿಗೆ ಇಳಿಯುತ್ತವೆ.

ತೂಗುವುದು ಗುಲಗಂಜಿಯಲ್ಲಿ. ಪತ್ರದಲ್ಲಿ 'ಉಚಿತ' ಎಂದಿದ್ದರೆ ತಕ್ಕಡಿಗೆ ಎರಡು ಗುಲಗಂಜಿ ಬೀಳುತ್ತವೆ. 'ತಕ್ಷಣ' ಎಂದಿದ್ದರೆ ಒಂದು. ಕೆಂಪು ಮುದ್ರೆಗೆ ಒಂದು, ಪರಿಚಯವಿಲ್ಲದವರು ಹೊಗಳಿದರೆ ಒಂದು. ಐದಾದರೆ ತಕ್ಕಡಿಯ ತಟ್ಟೆ ಮಗುಚುತ್ತದೆ. ಮಗುಚಿದ ಪತ್ರದ ಅಕ್ಷರಗಳು ಆ ಕ್ಷಣವೇ ಅಳಿಸಿಹೋಗಿ, ಬರಿ ಹಾಳೆ ಹೊಟ್ಟಿನ ಕೋಣೆಗೆ ಬೀಳುತ್ತದೆ. ಶನಿವಾರ ಶನಿವಾರ ಹೆಂಗಸರು ಬಂದು ಆ ಹಾಳೆಗಳನ್ನು ಒಯ್ದು, ನೆನೆಸಿ, ಮೆಂತ್ಯದ ಹಿಟ್ಟು ಹಾಕಿ ರುಬ್ಬಿ ಕಾಳು ತುಂಬುವ ಪುಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮೂರಿನ ಪುಟ್ಟಿಗಳು ಬಲು ಗಟ್ಟಿ.

ಆದರೆ ಒಬ್ಬರಿಗೆ ಹೊಟ್ಟಾದದ್ದು ಇನ್ನೊಬ್ಬರಿಗೆ ಕಾಳಾಗಿರಬಹುದಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷವೇ ಊರಿನ ಕಮಿಟಿಯವರು ಮನೆಗೊಂದು ಚೀಟಿ ಎಂದು ಠರಾವು ಮಾಡಿದರು. ಜರಡಿಮನೆಯ ಗೋಡೆಯಲ್ಲಿ ನಾನೂರ ಹನ್ನೆರಡು ಗೂಡು ಮಾಡಿಸಿದರು, ಮನೆಗೊಂದರಂತೆ. ನಮಗೆ ಮೂರೇ ಗುಲಗಂಜಿಗೆ ಮಗುಚಲಿ ಅನ್ನುವವರು ಹಾಗೆ ಬರೆದಿಡಬಹುದು, ಹತ್ತಾದರೂ ಪರವಾಗಿಲ್ಲ ಅನ್ನುವವರು ಹಾಗೆ. ಇಂಥವರ ಪತ್ರ ಏನೇ ಇರಲಿ ಬಿಡಿ, ಇಂಥವರದು ಬೇಡವೇ ಬೇಡ, ಇಂಥ ಹೆಸರಿಗೆ ಇಲ್ಲವೆ ಇಂಥ ಮಾತಿಗೆ ಇಷ್ಟು ಗುಲಗಂಜಿ ಹೆಚ್ಚಿಗೆ ಹಾಕಿ ಎಂದೂ ಬರೆಯಬಹುದು. ಗುಲಗಂಜಿ ಬಿದ್ದ ಮೇಲೆ, ತಟ್ಟೆ ಮಗುಚುವ ಮೊದಲು, ಒಂದು ಹಿತ್ತಾಳೆಯ ಕೈ ಆ ಮನೆಯ ಗೂಡಿನಿಂದ ಚೀಟಿ ಎಳೆದು ನೋಡುತ್ತದೆ. ಚೀಟಿಯಲ್ಲಿ 'ಬಿಡಿ' ಎಂದಿದ್ದರೆ ತಟ್ಟೆಯ ಆಚೆ ಬದಿಗೆ ಹಿತ್ತಾಳೆಯ ತೂಕದ ಬಟ್ಟೊಂದನ್ನು ಇಡುತ್ತದೆ. ಆಗ ಎಷ್ಟು ಗುಲಗಂಜಿ ಬಿದ್ದರೂ ತಟ್ಟೆ ಮಗುಚುವುದಿಲ್ಲ.

ಜನ ಆ ಚೀಟಿಗಳನ್ನು ಎಷ್ಟು ಹಚ್ಚಿಕೊಂಡರೆಂದರೆ ಕೇಳಬೇಡಿ. ಕ್ಷೌರದ ದ್ಯಾಮಣ್ಣ ವಾರಕ್ಕೊಮ್ಮೆ ಬಂದು ತನ್ನ ಮಾವನ ಹೆಸರಿಗೆ ಒಂದೊಂದು ಗುಲಗಂಜಿ ಏರಿಸುತ್ತಿದ್ದ. "ಅಕ್ಕಾರ, ಮೂರಕ್ಕ ಇಳಿಸಿದ ಮ್ಯಾಲ ಮನಿ ಎಷ್ಟ್ ಹಗೂರ ಆಗೇತ್ರಿ!" ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ರೊಟ್ಟಿ ಮಾರುವ ಶಿವಗಂಗವ್ವನದು ಬೇರೆಯೇ ದಾರಿ. ಆಕೆಗೆ ಬಹುಮಾನದ ಪತ್ರಗಳೆಂದರೆ ಪ್ರಾಣ. "ಸುಳ್ಳ ಅಂತ ನನಗೂ ಗೊತ್ತೈತೆವ್ವಾ. ಆದ್ರೂ ಅಷ್ಟ್ ಛಂದ ಮಾತು ನನ್ನ ಗಂಡ ಒಂದಿನ ಆಡ್ಲಿಲ್ಲ. ಬರ್ಲಿ ಬಿಡು" ಎಂದು ನೂರು ಗುಲಗಂಜಿಯ ಚೀಟಿ ಬರೆಸಿದ್ದಳು. ಆದರೂ ಒಂದೂ ಬರುತ್ತಿಲ್ಲ ಎಂದು ನನ್ನನ್ನೇ ಬೈಯುತ್ತಿದ್ದಳು. ಹಾರುವ ದಾರಿಯಲ್ಲಿ ಗಾಳಿ ಕೆಟ್ಟಿರಬೇಕು ಎಂದು ನಾನು ಸಾಗಹಾಕುತ್ತಿದ್ದೆ.

ಇನ್ನು ಕನ್ನಡಕದ ಹಾಜರಬಿಯ ವಿಷಯ. ನನ್ನ ಮೂಗಿನ ಮೇಲಿರುವ ಕನ್ನಡಕ ಅವಳು ಉಜ್ಜಿದ್ದು. ಊರಿನ ಅರ್ಧ ಮೂಗುಗಳ ಮೇಲೆ ಅವಳ ಗಾಜೇ ಕೂತಿದೆ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ತಂದೆಯಿಂದ ಬಂದ ಸಾಣೆಯ ಚಕ್ರವೊಂದೇ ಅವಳ ಆಸ್ತಿ. ಸಮುದ್ರವನ್ನು ನೋಡಿಯೂ ಇರದ ಈ ಹೆಂಗಸಿನ ತಲೆಯಲ್ಲಿ ಒಂದೇ ಒಂದು ಆಸೆ ಹೊಕ್ಕಿತ್ತು: ದೂರದ ಬಂದರಿನ ದೀಪಸ್ತಂಭಕ್ಕೆ ಗಾಜು ಉಜ್ಜಬೇಕು. ಆ ದೀಪಸ್ತಂಭದ ಕಚೇರಿಯವರು ವರ್ಷಕ್ಕೊಮ್ಮೆ ಮಾದರಿ ಕಳಿಸಿ ಎಂದು ಊರೂರಿಗೆ ಸಾರುತ್ತಾರೆ. ಮೂರು ವರ್ಷದಿಂದ ಅವಳು ಅಂಗೈಯಗಲದ ಗಾಜು ಉಜ್ಜಿ, ಹತ್ತಿಯಲ್ಲಿ ಸುತ್ತಿ, ಎತ್ತಿನ ಗಾಡಿಯವರ ಕೈಲಿ ಕಳಿಸುತ್ತಿದ್ದಳು. ಮೂರು ವರ್ಷವೂ ಒಂದು ಅಕ್ಷರ ಉತ್ತರ ಬಂದಿರಲಿಲ್ಲ. ಈ ವರ್ಷ ನಾಲ್ಕನೆಯದನ್ನು ಕಳಿಸಿ ಎರಡು ತಿಂಗಳಾಗಿತ್ತು.

ಆ ಸೋಮವಾರ ನನ್ನ ಕನ್ನಡಕದ ತಿರುಪು ಬಿಗಿ ಮಾಡಿಸಲು ಹೋದಾಗ ಅವಳು ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದಳು.

"ಬರೂ ಸೋಮವಾರದ ಮುಂದಿನ ಸೋಮವಾರ ಕತ್ತಿ ಸಾಣಿ ಹಿಡಿಯಾಂವ ಬರ್ತಾನ್ರಿ. ಈ ಚಕ್ರ ಅವಗ ಕೊಟ್ಟಬಿಡ್ತೀನಿ" ಎಂದಳು, ಬೇಳೆ ಮುಗಿದಿದೆ ಅಂದಷ್ಟೇ ಸಲೀಸಾಗಿ.

"ಯಾಕ?"

"ಛಲೋ ಇದ್ದಿದ್ರ ಛಲೋ ಐತಿ ಅಂತಿದ್ರು. ಕೆಟ್ಟ ಇದ್ದಿದ್ರ ಕೆಟ್ಟ ಐತಿ ಅಂತಿದ್ರು. ಎರಡೂ ಅನ್ನಲಿಲ್ಲ ಅಂದ್ರ ನನ್ನ ಗಾಜು ಅವರ ಕಣ್ಣಿಗೂ ಬಿದ್ದಿಲ್ಲ ಅಂತ ಅರ್ಥ ಅಲ್ರೀ. ಕಣ್ಣಿಗ ಬೀಳದ ಗಾಜು ಉಜ್ಜಿ ಏನ್ ಮಾಡ್ಲಿ? ತಮ್ಮನ ಬೀಡಾ ಅಂಗಡ್ಯಾಗ ಕೂಡ್ತೀನಿ."

ಇಷ್ಟು ಉದ್ದ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಮೊದಲು. ತಿರುಪು ಬಿಗಿಯಾದ ಕನ್ನಡಕವನ್ನು ಮೂಗಿಗೇರಿಸಿಕೊಂಡು ಎದ್ದು ಬಂದೆ.

ಮರುದಿನ ಬೆಳಿಗ್ಗೆ ನನಗೆ ತಲೆನೋವು. ಹಲ್ಲುಪುಡಿಯವನೊಬ್ಬ ಪ್ರಾಸ ಕಟ್ಟಿ ಬರೆದ ಪತ್ರ ಎಲ್ಲಕ್ಕಿಂತ ಮೊದಲು ಬಂದು, ನಾಲ್ಕೇ ಗುಲಗಂಜಿಯಲ್ಲಿ ಪಾರಾಗಿ ನನ್ನ ಚಹಾದ ಲೋಟಕ್ಕೆ ಬಿತ್ತು. ಸಿಟ್ಟಿಗೆದ್ದು ನನ್ನ ಚೀಟಿ ತೆಗೆದು, ಐದು ಇದ್ದದ್ದನ್ನು ಎರಡು ಮಾಡಿಟ್ಟೆ. ನನ್ನದು ಗೋಡೆಯ ಮೊದಲ ಗೂಡು. ಜರಡಿ ಪರೀಕ್ಷೆ ಮಾಡುವುದಕ್ಕೆಂದು ಮೊದಲ ದಿನ ಇಟ್ಟ ಚೀಟಿ ಅದು.

ಅವತ್ತು ಊರಿಗೆ ಪತ್ರಗಳೇ ಬರಲಿಲ್ಲ. ಜರಡಿಯ ಬಾಯಿಗೆ ಎಂದಿನಂತೆ ನಾಲ್ಕು ಸಾವಿರ ನುಗ್ಗಿದವು, ಕೆಳಗಿನ ಕಿಂಡಿಯಿಂದ ಹೊರಬಿದ್ದದ್ದು ಮೂವತ್ತೋ ನಲವತ್ತೋ. ಜನ ಕಿಟಕಿಯಲ್ಲಿ ನಿಂತು ಆಕಾಶ ನೋಡಿ, ಗಾಳಿ ಸರಿಯಿಲ್ಲ ಎಂದು ಒಳಗೆ ಹೋದರು. ನಾನು ಮಾತ್ರ ನನ್ನ ಚೀಟಿ ಹಿಡಿದುಕೊಂಡು ಕೂತೆ. ಬುಧವಾರ ಅದನ್ನು ಮತ್ತೆ ಐದಕ್ಕೆ ಏರಿಸಿದೆ, ಊರಿಗೆ ಪತ್ರಗಳು ಎಂದಿನಂತೆ ಇಳಿದವು. ಆಗ ಹಿತ್ತಾಳೆಯ ಕೈ ಏನು ಮಾಡುತ್ತದೆಂದು ಮೊದಲ ಬಾರಿಗೆ ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಅದು ಪ್ರತಿ ಪತ್ರಕ್ಕೂ ನನ್ನ ಗೂಡಿಗೇ ಬರುತ್ತಿತ್ತು. ನನ್ನ ಚೀಟಿಯನ್ನೇ ಎಳೆಯುತ್ತಿತ್ತು. ಉಳಿದ ನಾನೂರ ಹನ್ನೊಂದು ಗೂಡುಗಳನ್ನು ಅದು ಮುಟ್ಟಿಯೇ ಇರಲಿಲ್ಲ, ಹೆಚ್ಚಿನವಕ್ಕೆ ಜೇಡ ಬಲೆ ಕಟ್ಟಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮೂರಲ್ಲಿ ಬೇರೆಯವರ ಪತ್ರದ ಮೇಲಿನ ಹೆಸರನ್ನು ನೋಡುವುದೆಂದರೆ ಬಚ್ಚಲುಮನೆಗೆ ಇಣುಕಿದಷ್ಟೇ ಅಸಹ್ಯ. ಒಳಗಿನ ಒಕ್ಕಣೆಯನ್ನು ಯಂತ್ರ ಓದಿದರೆ ಯಾರಿಗೂ ಬೇಸರವಿಲ್ಲ. ಆದರೆ ಹೆಸರು ಹೊರಗಿರುತ್ತದಲ್ಲ, ಜರಡಿ ನೋಡಿಕೊಳ್ಳುವವರ ಕಣ್ಣಿಗೆ ಬೀಳುತ್ತದಲ್ಲ. ನನಗಿಂತ ಮುಂಚೆ ಇದ್ದವನು ಯಾರಿಗೆ ಎಲ್ಲಿಂದ ಪತ್ರ ಬಂತೆಂದು ಊರೆಲ್ಲ ಹೇಳಿಕೊಂಡು ತಿರುಗಿ ಕೆಲಸ ಕಳೆದುಕೊಂಡಿದ್ದ. ನಾನು ಹಾಗಲ್ಲ ಎಂದು ತೋರಿಸುವ ಉತ್ಸಾಹದಲ್ಲಿ, ಸೇರಿದ ವಾರವೇ ಕರಿಬಟ್ಟೆಯ ಗವಸುಗಳನ್ನು ಹೊಲಿದು ತಗಡಿನ ಬಾಯಿಗೆ ಕಟ್ಟಿದ್ದೆ. ಒಳಗೆ ಬರುವ ಪತ್ರದ ಹೆಸರಿನ ಮೇಲೆ ಗವಸು ಕೂರುತ್ತದೆ, ಹೊರಗೆ ಹೋಗುವಾಗ ಕಳಚುತ್ತದೆ. ಕಮಿಟಿಯವರು ಹಾರ ಹಾಕಿದ್ದರು. ಹೆಸರೇ ಕಾಣದಿದ್ದರೆ ಪಾಪ ಆ ಹಿತ್ತಾಳೆಯ ಕೈಗೆ ಯಾವ ಗೂಡು ಯಾರದೆಂದು ಹೇಗೆ ಗೊತ್ತಾಗಬೇಕು? ಹತ್ತಿರ ಸಿಕ್ಕಿದ್ದಕ್ಕೆ ಕೈ ಹಾಕುತ್ತಿತ್ತು.

ಹನ್ನೊಂದು ವರ್ಷ ಇಡೀ ಊರಿನ ಪತ್ರಗಳನ್ನು ನನ್ನ ಇಷ್ಟ, ನನ್ನ ಸಿಟ್ಟು ಜರಡಿ ಹಿಡಿದಿದ್ದವು. ಮೊದಲು ನಗು ಬಂತು. ದ್ಯಾಮಣ್ಣನ ಹಗುರವಾದ ಮನೆಯನ್ನು ನೆನೆದು ಒಬ್ಬಳೇ ನಕ್ಕೆ. ಆಮೇಲೆ ನನ್ನ ಚೀಟಿಯ ಎರಡನೆಯ ಸಾಲು ಕಣ್ಣಿಗೆ ಬಿತ್ತು. 'ಅಭಿನಂದನೆ ಎಂಬ ಮಾತಿದ್ದರೆ — ಐದು ಗುಲಗಂಜಿ.' ನಗು ಅಲ್ಲಿಗೇ ನಿಂತಿತು.

ಆ ಸಾಲಿನ ಕಥೆ ಇಷ್ಟೇ. ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಒಂದು ಪತ್ರ ಬಂತು. ಅಭಿನಂದನೆಗಳು, ಇಂಥ ಊರಿನ ಕನ್ಯಾಶಾಲೆಗೆ ನೀವು ಮುಖ್ಯ ಉಪಾಧ್ಯಾಯಿನಿಯಾಗಿ ಆಯ್ಕೆಯಾಗಿದ್ದೀರಿ ಎಂದು. ಅಪ್ಪ ಹಸಿರು ಬಣ್ಣದ ಟ್ರಂಕು ತಂದ. ಬೀದಿಯವರೆಲ್ಲ ಕುಂಕುಮ ಹಚ್ಚಿ ಕಳಿಸಿದರು. ಎರಡು ದಿನ ಗಾಡಿಯಲ್ಲಿ ಕೂತು ಹೋದರೆ ಅಲ್ಲಿ ಶಾಲೆಯೇ ಇರಲಿಲ್ಲ, ಒಂದು ಸುಣ್ಣದ ಭಟ್ಟಿ ಇತ್ತು. ವಾಪಸು ಬಂದ ದಿನ ಬೀದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಆ ಕೇಳದೇ ಇದ್ದದ್ದೇ ನನಗೆ ಇವತ್ತಿಗೂ ನೋವು. ಟ್ರಂಕಿಗೆ ಹಾಕಿದ ಬೀಗವನ್ನು ಆಮೇಲೆ ತೆಗೆದಿಲ್ಲ. ಇನ್ನೊಮ್ಮೆ ಆ ಮಾತು ನನ್ನ ಕಿಟಕಿಯೊಳಗೆ ಬರಬಾರದೆಂದು ಬರೆದಿಟ್ಟಿದ್ದೆ, ಅದು ಯಾರ ಕಿಟಕಿಯೊಳಗೂ ಹೋಗದಂತಾಗಿತ್ತು.

ಆಗ ಡ್ರಾಯಿಂಗ್ ಮಾಸ್ತರ ಶೇಷಾಚಲ ನೆನಪಾದರು. ಅವರೂ ಪ್ರತಿ ವರ್ಷ ಅದೇ ದೀಪಸ್ತಂಭದ ಕಚೇರಿಗೆ ಏನೋ ನಕ್ಷೆ ಕಳಿಸುತ್ತಿದ್ದರು. ಪ್ರತಿ ವರ್ಷವೂ ಅವರಿಗೆ ಉತ್ತರ ಬರುತ್ತಿತ್ತು: 'ವಿಷಾದಿಸುತ್ತೇವೆ.' ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಷ್ಟು ಒಳ್ಳೆಯ ಮನುಷ್ಯ ಅವರು. ಬೇಡ ಎನ್ನುವ ಪತ್ರಕ್ಕೆ ಗುಲಗಂಜಿ ಬೀಳುವುದಿಲ್ಲ, ಅದು ಸಲೀಸಾಗಿ ಬರುತ್ತದೆ. ಹಾಜರಬಿಗೆ ಬೇಡ ಎಂದಿದ್ದರೆ ಅವಳಿಗೂ ಬಂದಿರುತ್ತಿತ್ತು. ಅವಳಿಗೆ ಏನೂ ಬಂದಿಲ್ಲ. ಏನೂ ಬಂದಿಲ್ಲವೆಂದರೆ ಬಂದದ್ದು ಬೇರೆಯೇ ಪತ್ರ. ಅಭಿನಂದನೆಯದು.

ಅವಳ ಗೂಡಿನ ಬಲೆ ಸರಿಸಿ ಚೀಟಿ ತೆಗೆದೆ. ಬೇರೆಯವರ ಚೀಟಿ ಓದಬಾರದು, ಓದಿದೆ. ಮೂರು ವರ್ಷದ ಹಿಂದಿನ ತಾರೀಖು. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: 'ದೀಪಸ್ತಂಭದ ಕಚೇರಿಯಿಂದ ಯಾವ ಪತ್ರ ಬಂದರೂ ಬಿಡಿ.' ಅವಳು ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದ್ದಳು.

ಗುರುವಾರ ಬೆಳಿಗ್ಗೆ ನನ್ನ ಚೀಟಿಯ ಆ ಸಾಲನ್ನು ಹೊಡೆದುಹಾಕಿದೆ. ಇನ್ನಾದರೂ ಅವಳ ಪತ್ರ ಬರಲಿ ಎಂದು. ಬಂದದ್ದು ಊರಿಗೆಲ್ಲ ಅಭಿನಂದನೆ. ಹನ್ನೊಂದು ವರ್ಷ ತಡೆದಿದ್ದ ಮಾತು ಒಮ್ಮೆಲೇ ಇಳಿಯಿತು. ಶಿವಗಂಗವ್ವನಿಗೆ ಒಂದೇ ದಿನ ಏಳು ಬಹುಮಾನ, ಅವಳು ರೊಟ್ಟಿ ತಟ್ಟುವುದು ಬಿಟ್ಟು ಓದುತ್ತ ಕೂತಳು. ದ್ಯಾಮಣ್ಣನಿಗೆ ಆನೆ ಬಹುಮಾನ ಬಂದಿತ್ತು. ಅವನು ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಹಗ್ಗ ಹೆಗಲಿಗೆ ಹಾಕಿಕೊಂಡು ಆನೆ ತರಲು ಹೊರಟುಹೋದ. ಹಾಜರಬಿಯ ಕಿಟಕಿಗೂ ಮೂರು ಪತ್ರ ಹೋದವು, ಮೂರೂ ಕೂದಲೆಣ್ಣೆಯವು.

ಮಧ್ಯಾಹ್ನಕ್ಕೆ ಚೇರ್ಮನ್ ಗುರುಶಾಂತಪ್ಪನವರು ಜರಡಿಮನೆಗೆ ಬಂದರು. ಹಿಂದೆ ಅರ್ಧ ಊರು ಬಂದಿತ್ತು. ಅರ್ಧ ಬೋಳಿಸಿದ ಗಿರಾಕಿಯೂ ಇದ್ದ.

"ಏನ್ ನಡಸೀರಿ ಅಕ್ಕಾರ ಇದು? ಜರಡಿ ಕೆಟ್ಟೈತೋ ನಿಮ್ಮ ತಲಿ ಕೆಟ್ಟೈತೋ?"

ನಾನು ಹೇಳಿದೆ. ಗವಸಿನ ವಿಷಯ ಹೇಳಿದೆ, ಕೈಗೆ ಹೆಸರು ಕಾಣದೆ ಒಂದೇ ಚೀಟಿ ಎಳೆಯುವ ವಿಷಯ ಹೇಳಿದೆ. ಯಾರ ಚೀಟಿ ಎಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿಯೇ, ಬಾಗಿಲಿನ ಹತ್ತಿರ, ಹಾಜರಬಿ ನಿಂತಿದ್ದಳು. ಅವಳ ಎದುರು ಬಾಯಿ ಬರಲಿಲ್ಲ. ನಾನು ಹೇಡಿಯಾದ ದಿನ ಅದು, ಬರೆದೇ ಬಿಡುತ್ತೇನೆ.

"ಗವಸು ತಗದಬಿಟ್ರ ಆತು. ಮನೀಗೊಂದು ಚೀಟಿ ಅಂತ ಠರಾವು ಮಾಡಿದವರು ನೀವ" ಎಂದೆ.

"ತಗದ್ರ ಹೆಸರು ಕಾಣ್ತಾವ!" ಚೇರ್ಮನ್ನರ ಮುಖ ಕೆಂಪಾಯಿತು. "ಊರಾಗಿನ ಹೆಣ್ಣಮಕ್ಕಳ ಹೆಸರು, ಸೊಸೇಂದ್ರ ಹೆಸರು, ಎಲ್ಲಾ ನಿಮ್ಮ ಕಣ್ಣ ಮುಂದ ಹಾರ್ಯಾಡಬೇಕೇನು? ಅದಕ್ಕಿಂತ ಕೂದಲೆಣ್ಣಿ ಪಾಡು. ನಿನ್ನಿ ತನಕ ಹೆಂಗಿತ್ತೋ ಹಂಗ ಮಾಡ್ರಿ. ನಾಳಿಯಿಂದ ಆ ಅಭಿನಂದನಿ ಗಿಭಿನಂದನಿ ಬಂದ್ ಆಗಬೇಕು."

ಜನ ಹೌದೆಂದರು. ಶಿವಗಂಗವ್ವ ಒಬ್ಬಳೇ ಬೇಡವೆಂದಳು. ನಾನು ಮತ್ತೆ ಆ ಸಾಲನ್ನು ಬರೆಯಬೇಕಿತ್ತು. ಬರೆದರೆ ಇವಳ ಪತ್ರ ಮತ್ತೆ ಬರಿ ಹಾಳೆಯಾಗುತ್ತದೆ, ಬರೆಯದಿದ್ದರೆ ಊರೆಲ್ಲ ಆನೆ ತರಲು ಹೊರಡುತ್ತದೆ. ಒಂದೇ ಚೀಟಿಯಲ್ಲಿ ಇಬ್ಬರೂ ಉಳಿಯುವ ದಾರಿ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಹಾಜರಬಿ ಒಳಗೆ ಬಂದು ತಕ್ಕಡಿಯ ಸುತ್ತ ಒಂದು ಸುತ್ತು ಹಾಕಿದಳು. ಹಿತ್ತಾಳೆಯ ಕೈಯನ್ನು ಎತ್ತಿ ಇಳಿಸಿ ನೋಡಿದಳು.

"ಈ ಕೈ ಪತ್ರದಿಂದ ಎಷ್ಟ ದೂರ ನಿಂದರ್ತೈತ್ರಿ?"

"ಒಂದು ಗೇಣು."

"ಮಂದಿ?"

"ನಾನಾಗಲಿ ಯಾರಾಗಲಿ ಕಟಾಂಜನದ ಕಂಬಿ ಆಚೆ. ನಾಲ್ಕು ಮೊಳ."

"ಹಂಗಾದ್ರ ಗವಸಿಗೆ ಒಂದು ಕಿಂಡಿ ಮಾಡ್ರಿ. ಕಿಂಡಿಗೆ ನಾ ಗಾಜು ಕೂಡಿಸ್ತೀನಿ. ಗೇಣಿನ ಅಂತರಕ್ಕ ಹೆಸರು ಎದ್ದು ಕಾಣ್ಬೇಕು, ನಾಲ್ಕು ಮೊಳಕ್ಕ ಬರೇ ಮಸಿ ಕಲಸಿದಂಗ ಕಾಣ್ಬೇಕು. ಅಂಥಾ ಗಾಜು ಉಜ್ಜೂದು ಕಷ್ಟ ಅಲ್ಲ. ಹೆಂಗಿದ್ರೂ ಚಕ್ರ ಹೊಂಟೈತಿ, ಕಡೀ ಕೆಲಸ ಊರಿಗೇ ಮಾಡಿಕೊಡ್ತೀನಿ."

ಆ ಹೊತ್ತು ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ನನಗೆ ಅನಿಸಿತು. ನಿನ್ನನ್ನು ಅವರು ಆರಿಸಿದ್ದಾರೆ, ನನಗೆ ಗೊತ್ತು ಎನ್ನಬೇಕೆನಿಸಿತು. ಆದರೆ ನನ್ನದು ಲೆಕ್ಕಾಚಾರ ಮಾತ್ರ, ಕೈಯಲ್ಲಿ ಪತ್ರವಿರಲಿಲ್ಲ. ಸುಳ್ಳು ಆಸೆ ಹೊತ್ತುಕೊಂಡು ಎರಡು ದಿನ ಗಾಡಿಯಲ್ಲಿ ಕೂತವಳು ನಾನು. ಇನ್ನೊಬ್ಬಳ ತಲೆಗೆ ಅದನ್ನು ಹೊರಿಸಲು ಮನಸ್ಸು ಬರಲಿಲ್ಲ.

ಒಂದು ವಾರ ಅವಳ ಮನೆಯಿಂದ ಚಕ್ರದ ಸದ್ದು ಬರುತ್ತಲೇ ಇತ್ತು. ನಾನು ಚೇರ್ಮನ್ನರು ಹೇಳಿದಂತೆ ಆ ಸಾಲನ್ನು ನನ್ನ ಚೀಟಿಯಲ್ಲಿ ಮತ್ತೆ ಬರೆದಿಟ್ಟೆ, ಗವಸುಗಳಿಗೆ ಕಿಂಡಿ ಕತ್ತರಿಸಿದೆ, ಗೂಡುಗಳ ಜೇಡ ತೆಗೆದೆ. ಪ್ರತಿ ಬೆಳಿಗ್ಗೆ ಪತ್ರಗಳು ಜರಡಿಯೊಳಗೆ ನುಗ್ಗುವಾಗ ಅವಳದು ಈವತ್ತು ಬರದಿರಲಿ ಎಂದು ಬೇಡಿಕೊಂಡೆ. ಪತ್ರ ಬಾರದಿರಲಿ ಎಂದು ಬೇಡಿಕೊಂಡ ಜರಡಿಯವಳು ನಾನೊಬ್ಬಳೇ ಇರಬೇಕು. ದ್ಯಾಮಣ್ಣ ಆರನೆಯ ದಿನ ಹಗ್ಗದ ಜೊತೆ ಒಬ್ಬನೇ ವಾಪಸು ಬಂದ. ಯಾರೂ ಏನೂ ಕೇಳದೆ ಕೂತಿದ್ದರು. ನಾನೇ ಹೋಗಿ, "ಆನಿ ಎಲ್ಲಿ ದ್ಯಾಮಣ್ಣ?" ಎಂದೆ. ಅವನು ಗೊಳ್ಳನೆ ನಕ್ಕ, ಆಮೇಲೆ ಬೀದಿಯೂ ನಕ್ಕಿತು. ಕೇಳಿದರೆ ಎಷ್ಟು ಹಗುರವಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

ಮುಂದಿನ ಗುರುವಾರ ಸಂಜೆ ಗಾಜು ತಯಾರಾಯಿತು. ಊರು ಜರಡಿಮನೆಯಲ್ಲಿ ಸೇರಿತು. ಹಾಜರಬಿ ತನ್ನದೇ ಹೆಸರು ಬರೆದ ಲಕೋಟೆಯನ್ನು ಗವಸಿನೊಳಗೆ ಹಾಕಿ, ಚೇರ್ಮನ್ನರನ್ನು ಕಟಾಂಜನದ ಹತ್ತಿರ ನಿಲ್ಲಿಸಿ ಓದಲು ಹೇಳಿದಳು. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು.

"ಇರುವಿ ಹರದಾಡಿದಂಗ ಕಾಣ್ತೈತಿ."

"ಈಗ ಕೈ ನೋಡ್ರಿ" ಎಂದು ಹಾಜರಬಿ ಸನ್ನೆಕೋಲು ಎಳೆದಳು. ಹಿತ್ತಾಳೆಯ ಕೈ ಎದ್ದಿತು. ರೂಢಿಯಂತೆ ನನ್ನ ಗೂಡಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಮೆಲ್ಲಗೆ ಹಿಂದಿರುಗಿ ಗಾಜಿನ ಹತ್ತಿರ ಬಂತು. ಮತ್ತೆ ಎದ್ದು ಗೋಡೆಯುದ್ದಕ್ಕೂ ಹೋಗಿ, ಇನ್ನೂರ ಮೂವತ್ತೇಳನೆಯ ಗೂಡಿನಿಂದ ಅವಳ ಚೀಟಿಯನ್ನು ಎಳೆಯಿತು. ಜನ ಹೋ ಎಂದರು. ಚೇರ್ಮನ್ನರು ತಾವೇ ಕಂಡುಹಿಡಿದಂತೆ ಕೈ ಎತ್ತಿ ಎಲ್ಲರಿಗೂ ತೋರಿಸಿದರು.

ಶುಕ್ರವಾರ ಬೆಳಿಗ್ಗೆ ಊರಿನವರೆಲ್ಲ ಮಾಳಿಗೆ ಹತ್ತಿದ್ದರು. ಶಿವಗಂಗವ್ವನ ಕಿಟಕಿಗೆ ಬಹುಮಾನಗಳು ಸುರಿದವು, ಪಕ್ಕದ ಮನೆಗೆ ಒಂದೂ ಇಲ್ಲ. ದ್ಯಾಮಣ್ಣನ ಮಾವನ ಪತ್ರಗಳು ಮಗುಚಿಬಿದ್ದವು. ಅದನ್ನು ಕೇಳಿ ಅವನ ಹೆಂಡತಿ ಜರಡಿಮನೆಗೆ ಬಂದು, "ಚೀಟಿ ಮನೀದು, ಅವನೊಬ್ಬಂದಲ್ಲ" ಎಂದು ಆ ಸಾಲು ಅಳಿಸಿ ಹೋದಳು. ಮಾಳಿಗೆಯಿಂದ ಮಾಳಿಗೆಗೆ ಕೂಗುತ್ತ ಯಾರಿಗೆ ಎಷ್ಟು ಬಂತು, ಯಾರಿಗೆ ಎಷ್ಟು ನಿಂತಿತು ಎಂದು ಹಬ್ಬ ಮಾಡಿದರು. ಹಾಜರಬಿಯ ಕಿಟಕಿಗೆ ಏನೂ ಬರಲಿಲ್ಲ. ಶನಿವಾರ ಶೇಷಾಚಲ ಮಾಸ್ತರರಿಗೆ 'ವಿಷಾದಿಸುತ್ತೇವೆ' ಬಂತು. ಅವರು ಸಂತೋಷದಿಂದ ಚೌಕಟ್ಟಿನವನ ಹತ್ತಿರ ಹೋದರು. ಹಾಗಾದರೆ ಕಚೇರಿಯವರು ಪತ್ರ ಹೊರಡಿಸಿದ್ದಾರೆ. ಹಾಜರಬಿಯ ಕಿಟಕಿಗೆ ಅವತ್ತೂ ಏನೂ ಇಲ್ಲ. ಅಂಗಳದಲ್ಲಿ ಅವಳು ಚಕ್ರವನ್ನು ಬಿಚ್ಚಿ ಗೋಣಿತಟ್ಟಿನಲ್ಲಿ ಸುತ್ತುತ್ತಿದ್ದುದು ಮಾಳಿಗೆಯಿಂದ ಕಾಣುತ್ತಿತ್ತು. ಸೋಮವಾರ ಬೆಳಗಾದರೆ ಸಾಣೆಯವನು ಬರುತ್ತಾನೆ.

ಭಾನುವಾರ ಎಂಟು ಹೊಡೆದಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಪತ್ರಗಳು ನುಗ್ಗಿದವು. ಒಂದು ಅರ್ಧ ಗಂಟೆ ಬರಿ ಟಪಟಪ ಗುಲಗಂಜಿಯ ಸದ್ದು, ತಟ್ಟೆ ಮಗುಚುವ ಸದ್ದು. ಆಮೇಲೆ ದಪ್ಪನೆಯ ನೀಲಿ ಲಕೋಟೆಯೊಂದು ಬಂದು ತಟ್ಟೆಯ ಮೇಲೆ ಕೂತಿತು. ಹೆಸರು ನನಗೆ ಕಾಣಲಿಲ್ಲ, ಇರುವೆ ಹರಿದಾಡಿದಂತಿತ್ತು. ಒಂದು ಗುಲಗಂಜಿ ಬಿತ್ತು. ಎರಡು. ಮೂರು. ಕೆಂಪು ಮುದ್ರೆಗೆ ನಾಲ್ಕನೆಯದು. ಐದನೆಯದು ಬಿದ್ದಾಗ ತಟ್ಟೆ ಅಲುಗಿ ಒಂದು ಕಡೆ ವಾಲಿತು. ಆಗ ಹಿತ್ತಾಳೆಯ ಕೈ ಎದ್ದು, ಗಾಜಿನೊಳಗೆ ನೋಡಿ, ಗೋಡೆಯುದ್ದಕ್ಕೂ ಸಾಗಿತು. ನಾನು ಗೂಡುಗಳನ್ನು ಎಣಿಸಲಿಲ್ಲ, ಎಣಿಸುವ ಧೈರ್ಯವಿರಲಿಲ್ಲ. ಅದು ದುಂಡಗಿನ ಅಕ್ಷರದ ಆ ಚೀಟಿಯನ್ನು ಎಳೆದು ಓದಿತು. ಬಟ್ಟನ್ನು ತಂದು ಆಚೆ ಬದಿಗೆ ಇಟ್ಟಿತು. ತಟ್ಟೆ ನೆಟ್ಟಗಾಯಿತು. ನೀಲಿ ಲಕೋಟೆ ಗವಸು ಕಳಚಿಕೊಂಡು ಕೆಳಗಿನ ಕಿಂಡಿಯಿಂದ ಹೊರಗೆ ಹಾರಿತು.

ನಾನು ಮಾಳಿಗೆಗೆ ಓಡಿ, "ಹಾಜರಬೀ, ಕಿಟಕಿ ತಗೀ!" ಎಂದು ಕೂಗಿದೆ. ಹೆಸರು ನೋಡಬಾರದು, ಕೂಗಬಾರದು, ಎಲ್ಲ ಮರೆತೆ. ಊರೇ ತಿರುಗಿ ನೋಡಿತು. ಲಕೋಟೆ ಹುಣಸೆಮರ ದಾಟಿ, ದ್ಯಾಮಣ್ಣನ ಅಂಗಡಿ ದಾಟಿ, ಅವಳ ಕಿಟಕಿಯೊಳಗೆ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳು ಪತ್ರ ಹಿಡಿದು ಅಂಗಳಕ್ಕೆ ಬಂದಳು, ಜಾಸ್ತಿ ಮಾತಾಡದ ಹೆಂಗಸು ಅಂಗಳದ ನಡುವೆ ನಿಂತು ಗಟ್ಟಿಯಾಗಿ ಓದಿದಳು.

"ಅಭಿನಂದನೆಗಳು. ನಿಮ್ಮ ಗಾಜನ್ನು ಆಯ್ಕೆ ಮಾಡಿ ಇದು ನಾಲ್ಕನೆಯ ಬಾರಿ ಬರೆಯುತ್ತಿದ್ದೇವೆ. ಮೂರು ವರ್ಷ ನೀವು ಉತ್ತರಿಸಲಿಲ್ಲ. ನಿಮ್ಮಷ್ಟು ಸ್ವಚ್ಛ ಗಾಜು ಬೇರೆ ಯಾರೂ ಕಳಿಸಿಲ್ಲವಾದ್ದರಿಂದ ಮತ್ತೆ ಕೇಳುತ್ತಿದ್ದೇವೆ. ಈ ಸಲ ದೊಡ್ಡ ದೀಪ. ತಕ್ಷಣ ಬನ್ನಿ, ಪ್ರಯಾಣ ಉಚಿತ."

ಊರು ಮಾಳಿಗೆಗಳ ಮೇಲೆ ಕುಣಿಯಿತು. ಶಿವಗಂಗವ್ವ ಓಡಿ ಬಂದು ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. ತಮಟೆ ಎಲ್ಲಿಂದಲೋ ಬಂತು. ಯಾರೋ ಗೋಣಿತಟ್ಟು ಕಿತ್ತೊಗೆದು ಚಕ್ರವನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತಿದರು. ನಾನೂ ಅತ್ತೆ, ನಕ್ಕೆ, ಎರಡೂ ಮಾಡಿದೆ. ಆದರೆ ಹಾಜರಬಿ ಪತ್ರದಿಂದ ತಲೆಯೆತ್ತಿ ಜರಡಿಮನೆಯ ಕಡೆ ನೋಡಿದಾಗ ಅವಳ ತುಟಿ 'ಮೂರು ವರ್ಷ' ಎಂದದ್ದು ನನಗೆ ದೂರದಿಂದಲೂ ತಿಳಿಯಿತು.

ಸಂಜೆ ಅವಳು ಜರಡಿಮನೆಗೆ ಬಂದಳು. ತನ್ನ ಚೀಟಿ ಕೇಳಿ ತೆಗೆದುಕೊಂಡಳು. ಅದರ ಮೇಲೆ ಏನೋ ಒಂದು ಸಾಲು ಬರೆದು, ಮಡಿಸಿ, ತಾನೇ ಗೂಡಿಗೆ ಇಟ್ಟಳು. ಹೋಗುವಾಗ ನನ್ನ ಮುಖ ನೋಡಲಿಲ್ಲ, ಮೊದಲ ಗೂಡನ್ನು ನೋಡಿದಳು. ಹಿತ್ತಾಳೆಯ ಕೈ ರೂಢಿಯಿಂದ ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಗುರುವಾರವೇ ಕಂಡಿತ್ತು. ಗಾಜು ಉಜ್ಜುವವಳಿಗೆ ಕಾಣದೇ ಇರುತ್ತದೆಯೇ?

ಅವಳೆದುರು ನಿಂತು ಹೇಳಲು ಆಗದ್ದನ್ನು ಬರೆದೆ. ಸುಣ್ಣದ ಭಟ್ಟಿ ಬರೆದೆ, ಟ್ರಂಕು ಬರೆದೆ, ನನ್ನ ಚೀಟಿಯ ಎರಡನೆಯ ಸಾಲು ಬರೆದೆ. ನಿನ್ನ ಮೂರು ವರ್ಷ ತಿಂದವಳು ನಾನು, ಕ್ಷಮಿಸು ಎಂದೆ. ಮೇಲೆ, ಇಪ್ಪತ್ತನಾಲ್ಕು ವರ್ಷದಿಂದ ಬಳಸದ ಮಾತನ್ನು ಬರೆದೆ: ಅಭಿನಂದನೆಗಳು. ಸೋಮವಾರ ಬೆಳಿಗ್ಗೆ ಕರಿಗುಡ್ಡ ಹತ್ತಿ ಉಳಿದ ಪತ್ರಗಳ ಜೊತೆ ಅದನ್ನು ಗಾಳಿಗೆ ಬಿಟ್ಟು, ಏದುಸಿರು ಬಿಡುತ್ತ ಇಳಿದು ಬಂದೆ. ಅಷ್ಟರಲ್ಲಿ ಅದು ಒಳಗೆ ನುಗ್ಗಿ ತಟ್ಟೆಯ ಮೇಲೆ ಕೂತಿತ್ತು. ಅವಳು ನನ್ನ ಹೆಸರಿಗೆ ನೂರು ಗುಲಗಂಜಿ ಬರೆದಿದ್ದರೆ ಅದು ಅವಳ ಹಕ್ಕು. ಜರಡಿಯವಳಾಗಿ ನಾನು ಅದಕ್ಕೆ ತಲೆಬಾಗಬೇಕು. ಹಿತ್ತಾಳೆಯ ಕೈ ಇನ್ನೂರ ಮೂವತ್ತೇಳಕ್ಕೆ ಹೋಯಿತು. ಚೀಟಿ ಎಳೆದು ಓದಿತು. ನನ್ನ ಕಡೆಗೆ ಬೆನ್ನು ತಿರುಗಿಸಿ ಬಟ್ಟನ್ನು ಎತ್ತಿಕೊಂಡು ಬಂದು ಆಚೆ ಬದಿಗೆ ಇಟ್ಟಿತು.

ಒಂದು ಗಂಟೆಯ ನಂತರ ಹಾಜರಬಿ ಬಾಗಿಲಲ್ಲಿ ನಿಂತಿದ್ದಳು. ಪತ್ರ ಕೈಯಲ್ಲೇ ಇತ್ತು.

"ಸಿಟ್ಟು ಬಂದಿತ್ರಿ. ಇನ್ನೂ ಐತಿ" ಎಂದಳು. "ಆದ್ರ ನಿನ್ನಿ ಎಲ್ಲಾರಿಗಿಂತ ಮೊದಲ ಕೂಗಿದವರು ನೀವು." ಪತ್ರ ಮಡಿಸುತ್ತ ಕೇಳಿದಳು, "ಆ ಟ್ರಂಕು ಗಟ್ಟಿ ಐತೇನು? ಚಕ್ರ ಹಿಡಿಸೂವಂಥಾದ್ದು ನನ್ನ ಹತ್ರ ಯಾವುದೂ ಇಲ್ಲ."

ಬೀಗಕ್ಕೆ ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ಒಡೆದೆವು. ನನ್ನ ಹಳೆಯ ಎರಡು ಸೀರೆಗಳನ್ನು ಹಾಸಿ ಚಕ್ರ ಇಟ್ಟೆವು. ಬೀದಿಯವರೆಲ್ಲ ಬಂದು ಅವಳನ್ನು ಗಾಡಿ ಹತ್ತಿಸಿದರು. ಹಸಿರು ಟ್ರಂಕು ಎರಡನೆಯ ಸಲ ಊರು ಬಿಟ್ಟಿತು. ಗಾಡಿ ಮರೆಯಾದ ಮೇಲೆ ಜರಡಿಮನೆಗೆ ಹೋಗಿ ನನ್ನ ಚೀಟಿಯ ಎರಡನೆಯ ಸಾಲನ್ನು ಹೊಡೆದುಹಾಕಿದೆ. ಈಗ ಅದು ನನ್ನೊಬ್ಬಳ ಚೀಟಿ. ಮರುದಿನದಿಂದ ನನ್ನ ಕಿಟಕಿಗೆ ಆನೆ, ಕುದುರೆ, ಬಂಗಾರದ ಗಡಿಯಾರ ಎಲ್ಲ ಬರತೊಡಗಿದವು. ಒಂದೊಂದನ್ನೂ ಓದಿ ಶಿವಗಂಗವ್ವನಿಗೆ ಕೊಡುತ್ತಿದ್ದೆ.

ಎರಡು ತಿಂಗಳಾದ ಮೇಲೆ ಆ ಕಸದ ನಡುವೆ ಒಂದು ನೀಲಿ ಲಕೋಟೆ ಇತ್ತು. ದುಂಡಗಿನ ಅಕ್ಷರ. 'ಅಭಿನಂದನೆಗಳು' ಎಂದು ಮೊದಲ ಮಾತು, ನನ್ನನ್ನು ಕೆಣಕಲೆಂದೇ ಬರೆದದ್ದು. 'ನೀವು ಹೊಡೆದುಹಾಕಿರುತ್ತೀರಿ ಎಂದು ನಂಬಿ ಬರೆದಿದ್ದೇನೆ. ನಿನ್ನೆ ದೀಪ ಹಚ್ಚಿದರು. ಮೂವತ್ತು ಹರದಾರಿ ದೂರದ ದೋಣಿಯವರಿಗೂ ಕಂಡಿತಂತೆ.' ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಆಮೇಲೆ ಬೀದಿಗೆ ಇಳಿದು, ಯಾರೂ ಕೇಳುವ ಮೊದಲೇ, ಮನೆಮನೆಗೆ ಹೋಗಿ ಹೇಳಿದೆ.